ಜಪ್ತಿಯಾದ ಬಸ್ಸಿನ ಮುಂದಿನ ಸೀಟು

ಸೀತಾಂಗೋಳಿಯಿಂದ ಕಾಸರಗೋಡಿಗೆ ಹೊರಟಿದ್ದ ಬಸ್ಸೊಂದನ್ನು ನಾನು ಜಪ್ತಿ ಮಾಡಿಸಿದ್ದು ೧೯೪೮ನೆಯ ಮಾರ್ಚ್ ಹನ್ನೊಂದರ ಗುರುವಾರ. ಆಧಾರ ನನ್ನ ದಿನಚರಿ. ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲದ ಶಾಸನಗಳನ್ನು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ತಳ್ಳಿಹಾಕುತ್ತ ಆಯುಷ್ಯ ಕಳೆದವನು ಸ್ವಂತ ಪರಾಕ್ರಮಕ್ಕೆ ಮಾತ್ರ ರಿಯಾಯಿತಿ ಕೊಡುವುದು ನ್ಯಾಯವಲ್ಲ.

ಆಗ ನಾನು ಹೈಸ್ಕೂಲು ಮಾಸ್ತರ. ಕುಂಬಳೆ ಸೀಮೆಯ ಶಾಸನಗಳ ಕುರಿತ ನನ್ನ ಮೊದಲ ಪುಸ್ತಕ ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಣೆಯಾಗಿ ಕಾಯುತ್ತಿತ್ತು. ಶನಿವಾರದೊಳಗೆ ನೂರಿಪ್ಪತ್ತು ರೂಪಾಯಿ ಬಾರದಿದ್ದರೆ ಜೋಡಣೆಯನ್ನು ಬಿಚ್ಚಿ ಮೊಳೆಗಳನ್ನು ಮದುವೆ ಕಾಗದಗಳಿಗೆ ಬಳಸುವುದಾಗಿ ಯಜಮಾನರು ಬರೆದಿದ್ದರು. ಅದಕ್ಕೆಂದೇ ಕೂಡಿಟ್ಟಿದ್ದ ಹಣವನ್ನು ಎರಡು ವರ್ಷ ಮೊದಲು ಆ ಬಸ್ಸಿನ ಮಾಲಕನೂ ಚಾಲಕನೂ ಆದ ಐತಪ್ಪ ಟಯರು ಕೊಳ್ಳಲೆಂದು ಪಡೆದಿದ್ದ. ಕೇಳಲು ಹೋದಾಗಲೆಲ್ಲ ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಟಿಕೇಟು ಬೇಡವೆಂದು ಕಂಡಕ್ಟರನಿಗೆ ಕಣ್ಸನ್ನೆ ಮಾಡುತ್ತಿದ್ದ. ಕೋಪದಿಂದ ಹತ್ತಿದ ನಾನು ಕೃತಜ್ಞತೆಯಿಂದ ಇಳಿಯುತ್ತಿದ್ದೆ. ಕೊನೆಗೆ ದಾವೆ ಹೂಡಿ ಡಿಕ್ರಿ ಪಡೆದೆ. ಡಿಕ್ರಿಯೆಂದರೆ ಹಣವೆಂದು ನಂಬಿದ್ದೆ; ಅದು ಹಣವನ್ನು ಹುಡುಕಿಕೊಂಡು ಅಲೆಯಲು ಸರಕಾರ ಕೊಡುವ ಅನುಮತಿಪತ್ರವಷ್ಟೇ ಎಂದು ಅರಿಯಲು ಮತ್ತೆ ಎಂಟು ತಿಂಗಳು ಬೇಕಾಯಿತು.

ಆ ಬೆಳಿಗ್ಗೆ, ಈ ಸಲ ಹಣವಿಲ್ಲದೆ ಮರಳುವುದಿಲ್ಲವೆಂದು ನಿಶ್ಚಯಿಸಿ, ಕೋರ್ಟಿನ ಅಮೀನ ಚಂದು ನಾಯರರೊಡನೆ ಸೀತಾಂಗೋಳಿ ತಲುಪಿದೆ. ಅವರು ಬಸ್ಸಿನ ಮೂತಿಗೆ ವಾರಂಟು ಅಂಟಿಸಿ, ಎಲ್ಲರೂ ಇಳಿಯಬೇಕೆಂದು ಸಾರಿದರು. ಯಾರೂ ಅಲುಗಲಿಲ್ಲ. ಒಣಮೀನಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಬೀಫಾತಿಮ್ಮ ಎಂಬ ಮುದುಕಿ ನನ್ನತ್ತ ತಿರುಗಿ, "ಜಪ್ತಿ ಬಸ್ಸಿಗಲ್ವಾ ಮಾಷ್ಟ್ರೇ? ನಮಗೆಂತ ಉಂಟು ಅದರಲ್ಲಿ?" ಎಂದಳು. ನಾನು ವಾರಂಟನ್ನು ಮತ್ತೊಮ್ಮೆ ಓದಿದೆ; ಅದರಲ್ಲಿ ಪ್ರಯಾಣಿಕರ ಮಾತೇ ಇರಲಿಲ್ಲ.

ಜಪ್ತಿಯಾದ ಸೊತ್ತನ್ನು ಕೋರ್ಟಿಗೆ ಒಪ್ಪಿಸುವುದು ಅಮೀನರ ಕರ್ತವ್ಯ. ಆದರೆ ಅದು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು. ಹಿಂಬದಿಯ ಒಲೆಯ ಮರ್ಜಿ ಬಲ್ಲವನು ಐತಪ್ಪನೊಬ್ಬನೇ. ಅಮೀನರು ಸ್ವರ ತಗ್ಗಿಸಿ ಅವನನ್ನೇ ಬೇಡಿಕೊಂಡರು: "ತಲೆಮೇಲೆ ಹೊತ್ತುಕೊಂಡು ಹೋಗ್ಲಿಕ್ಕೆ ಆಗ್ತದಾ ಇದನ್ನು? ನೀನೇ ಕೋರ್ಟಿಗೆ ಬಿಡು ಮಾರಾಯ."

ಐತಪ್ಪ ಮಸಿಗೈ ಒರೆಸಿಕೊಂಡ. "ಬಿಡ್ತೇನೆ. ಆದ್ರೆ ಮಾಷ್ಟ್ರು ಇವತ್ತು ಟಿಕೇಟು ತೆಗೀಬೇಕು. ಇದೀಗ ಸರಕಾರದ ಬಸ್ಸು, ನಾನು ಪುಕ್ಕಟೆ ಕೂರಿಸ್ಲಿಕ್ಕಿಲ್ಲ."

ಟಿಕೇಟು ತೆಗೆದೆ. ನನ್ನ ಜಪ್ತಿಯ ಸೊತ್ತಿನಲ್ಲಿ, ನನ್ನ ಸಾಲಗಾರನ ಎಡಗೈ ಪಕ್ಕದಲ್ಲಿ, ಸಂಬಳದ ಹಣ ತೆತ್ತು ಕುಳಿತೆ. ದಾರಿಯುದ್ದಕ್ಕೂ ಜನ ಹತ್ತಿದರು. ಜಪ್ತಿಯ ನಂತರದ ಆದಾಯವೂ ಕೋರ್ಟಿನದೆಂದು ಅಮೀನರು ಪ್ರತಿ ನಿಲ್ದಾಣದಲ್ಲೂ ಚಿಲ್ಲರೆಯನ್ನು ತಮ್ಮ ಹೆಗಲ ಬೈರಾಸಿಗೆ ಕಟ್ಟಿಕೊಂಡರು. ಮೊಗ್ರಾಲ್ ದಾಟುವಷ್ಟರಲ್ಲಿ ಅವರೇ ಕಂಡಕ್ಟರರಾಗಿದ್ದರು. "ರೈಟ್" ಎಂದು ಹೇಳುವಾಗ ಅವರ ಮುಖದಲ್ಲಿ ಅದುವರೆಗೆ ಕಾಣದ ಒಂದು ಸಂತೋಷವಿತ್ತು.

ಮುಂದಿನದನ್ನು ನನ್ನ ನಿವೃತ್ತಿಯ ಸಮಾರಂಭದಲ್ಲೂ ಹೇಳಿದ್ದೇನೆ. ಸಂಜೆ ಅದೇ ಬಸ್ಸಿನಲ್ಲಿ ಮರಳಬೇಕಾಗಿದ್ದ ಪ್ರಯಾಣಿಕರು ಕೋರ್ಟಿನ ಅಂಗಳದಲ್ಲಿ ನನ್ನನ್ನು ಸುತ್ತುವರಿದು ಬಸ್ಸನ್ನು ಬಿಟ್ಟುಬಿಡಿರೆಂದು ಕೇಳಿದರು. ನಾನು ಜಗ್ಗಲಿಲ್ಲ. ಇಳಿಹೊತ್ತಿಗೆ ಐತಪ್ಪ ಸೋತು, ತಗಡಿನ ಪೆಟ್ಟಿಗೆ ತಂದು, ನೂರಿಪ್ಪತ್ತನ್ನೂ ನನ್ನೆದುರು ಎಣಿಸಿಟ್ಟ. ಜಪ್ತಿ ತೆರವಾಯಿತು, ಶನಿವಾರ ಹಣ ಮಂಗಳೂರು ಸೇರಿತು, ಪುಸ್ತಕ ಹೊರಬಂತು. ಛಲವೊಂದಿದ್ದರೆ ಸಾಕೆಂದು ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಈ ನಿದರ್ಶನ ಕೊಟ್ಟು ಬೋಧಿಸಿದ್ದೇನೆ.

ಕಳೆದ ತಿಂಗಳು ಈ ಪ್ರಬಂಧಕ್ಕೆಂದು ಅಮೀನರ ವರದಿಯ ದೃಢೀಕೃತ ನಕಲು ತರಿಸಿದೆ. ದಿನಾಂಕ ಸರಿ, ವಾರವೂ ಸರಿ. ಆದರೆ ಪಾವತಿಯ ವಿವರ ಬೇರೆ. ಐತಪ್ಪನ ಪೆಟ್ಟಿಗೆಯಿಂದ ಬಂದದ್ದು ಎಂಬತ್ತಾರು ರೂಪಾಯಿ ಮಾತ್ರ. ಉಳಿದದ್ದು ಪ್ರಯಾಣಿಕರು ಹಾಕಿದ್ದು, ಹೆಸರುವಾರು ಬರೆದಿದೆ. ಬೀಫಾತಿಮ್ಮ ಮೂರು ರೂಪಾಯಿ ಕೊಟ್ಟಿದ್ದಾಳೆ. ಅಷ್ಟಾದರೂ ಎರಡು ರೂಪಾಯಿ ಕಡಿಮೆ ಬಿದ್ದು, ಕಚೇರಿ ಮುಚ್ಚುವ ಹೊತ್ತಾದ್ದರಿಂದ ಅದನ್ನು ಸ್ಥಳದಲ್ಲಿದ್ದ ಇನ್ನೊಬ್ಬರು ಕಟ್ಟಿದರೆಂದಿದೆ. ಆ ಸಾಲಿನಲ್ಲಿ ಹೆಸರಿನ ಬದಲು 'ಡಿಕ್ರಿದಾರ' ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿಸಿದ್ದಾರೆ. ಸಹಿಯನ್ನು ಅದೇ ವರ್ಷದ ನನ್ನ ಇತರ ನಾಲ್ಕು ಸಹಿಗಳೊಡನೆ ಭೂತಗನ್ನಡಿ ಹಿಡಿದು ಹೋಲಿಸಿದೆ. ಕೂಟವಲ್ಲ.