ಎರಡು ಮಾತು ಆಡುವವನ ಪಾಡು

ದೊಡ್ಡ ನಟರೋ ಕವಿಗಳೋ ತೀರಿಕೊಂಡಾಗ ನಾಡಿಗೆ ತುಂಬಲಾರದ ನಷ್ಟವಾಯಿತೆಂದು ಪತ್ರಿಕೆಗಳು ಬರೆಯುತ್ತವೆ. ನಾಡಿನ ನಷ್ಟದ ಅಂದಾಜು ನನಗಿಲ್ಲ. ನನಗಂತೂ ಪ್ರತಿ ಸಲವೂ ಮಧ್ಯಾಹ್ನದ ನಿದ್ದೆ ನಷ್ಟವಾಗಿದೆ. ಹೀಗೆಂದ ಮಾತ್ರಕ್ಕೆ ನನ್ನನ್ನು ಕಲ್ಲೆದೆಯವನೆಂದು ತಿಳಿಯಬೇಡಿ. ಕತ್ತಲೆಯ ಟಾಕೀಸಿನಲ್ಲಿ ಕೂತು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡವನೇ ನಾನು. ಆದರೆ ಊರಿನವರೆಲ್ಲ ಸೇರಿ ಒಬ್ಬನನ್ನೇ ಹಿಡಿದು, ಯಾರು ತೀರಿಕೊಂಡರೂ ಅವನಿಂದಲೇ ದುಃಖ ಪಡಿಸುತ್ತ ಹೋದರೆ, ಪಾಪ, ಆ ಮನುಷ್ಯನ ದುಃಖವೂ ಎಷ್ಟೆಂದು ಹುಟ್ಟೀತು?

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕೇಬಲ್ ಟೀವಿ ಆಗಷ್ಟೇ ಊರೊಳಗೆ ಕಾಲಿಡುತ್ತಿದ್ದ ಕಾಲವದು. ಒಂದು ಸಂತೆಯ ದಿನ ಬದನೆಕಾಯಿ ಕೊಂಡು ಬಸ್‌ಸ್ಟ್ಯಾಂಡಿನ ಬಳಿ ಬರುತ್ತಿದ್ದೆ. ಅಲ್ಲಿ ನಾಲ್ಕು ಬೆಂಚು ಜೋಡಿಸಿ ವೇದಿಕೆ ಮಾಡಿದ್ದರು. ಹಿಂದಿನ ದಿನ ತೀರಿಕೊಂಡಿದ್ದ ಹಿರಿಯ ನಟರೊಬ್ಬರ ಫೋಟೋಕ್ಕೆ ಮಾಲೆ ಹಾಕಿತ್ತು. ಮಾತಾಡಬೇಕಿದ್ದ ಗೋಕಾಕದ ವಕೀಲರು ಬಂದಿರಲಿಲ್ಲ. ಜನ ಕಾದು ಕಾದು ಸಂತೆಯ ಕಡೆ ತಿರುಗುತ್ತಿದ್ದರು. ವೇದಿಕೆಯ ಮೇಲೆ ಅಪ್ಪಾಸಾಹೇಬ ಕಾಕಾ ಕೂತಿದ್ದರು. ಬಟ್ಟೆ ಅಂಗಡಿಯ ಮಾಲೀಕರು, ನಮ್ಮೂರಿನ ಯಾವ ಸಭೆಗಾದರೂ ಅವರೇ ಅಧ್ಯಕ್ಷರು. ಅವರ ಕಣ್ಣಿಗೆ ನಾನು ಬಿದ್ದೆ.

"ಮಾಸ್ತರ, ಬರ್ರಿ ಮ್ಯಾಲೆ. ಎರಡ ಮಾತ ಆಡ್ರಿ."

"ಕಾಕಾ, ನಾನು ಬದನಿಕಾಯಿ ತರಾಕ ಬಂದೇನ್ರಿ."

"ಬದನಿಕಾಯಿ ಎಲ್ಲಿ ಓಡಿ ಹೊಕ್ಕಾವ? ಇಲ್ಲೇ ಇಡ್ರಿ."

ಚೀಲವನ್ನು ಫೋಟೋದ ಪಕ್ಕ ಇಟ್ಟು ಮಾತಾಡಿದೆ. ಏನು ಮಾತಾಡಿದೆನೋ ನನಗೇ ಗೊತ್ತಿಲ್ಲ. "ಅವರು ನಕ್ಕಾಗ ನಾವು ನಕ್ಕೆವು, ಅವರು ಅತ್ತಾಗ ನಾವು ಅತ್ತೆವು, ಇಂದು ಅವರು ಸುಮ್ಮನಾಗಿದ್ದಾರೆ, ನಾವು ಮಾತ್ರ ಅಳುತ್ತಿದ್ದೇವೆ" ಎಂದು ಮುಗಿಸಿದಾಗ ಎದುರಿಗೆ ಕೂತ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಮೈಕಿನವ ಮಲ್ಲಪ್ಪ ಆಂಪ್ಲಿಫಯರಿನ ಮೇಲೆ ತಲೆಯಿಟ್ಟು ಗೊಳೋ ಎಂದ. ಅಲ್ಲಿಗೆ ನನ್ನ ಹಣೆಬರಹ ಗಟ್ಟಿಯಾಯಿತು.

ಈ ಮಲ್ಲಪ್ಪನ ಬಗ್ಗೆ ಹೇಳಬೇಕು. ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು ಅವನ ಕಸುಬು. ಆದರೆ ಅವನ ಜೀವವೆಲ್ಲ ಸಿನೆಮಾದಲ್ಲಿ. ಹಿಂದಿ, ಮರಾಠಿ, ಕನ್ನಡ ಎಂಬ ಭೇದವಿಲ್ಲ. ಕವಿಗಳನ್ನೂ ಅವನು ಸಿನೆಮಾದವರ ಲೆಕ್ಕಕ್ಕೇ ಸೇರಿಸಿಕೊಂಡಿದ್ದ. ಎಲ್ಲಿ ಯಾರು ತೀರಿಕೊಂಡರೂ ರೇಡಿಯೋದವರು ಮೊದಲು ಅವನಿಗೆ ಹೇಳಿ ಆಮೇಲೆ ಊರಿಗೆ ಹೇಳುತ್ತಾರೇನೋ ಅನಿಸುತ್ತಿತ್ತು. ಊಟ ಮುಗಿಸಿ ಆಗಷ್ಟೇ ಅಡ್ಡಾಗಿರುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ನಾನು ಒಳಗಿನಿಂದಲೇ "ಯಾರು?" ಎನ್ನುತ್ತಿದ್ದೆ. ಬಂದವರು ಯಾರು ಎಂದಲ್ಲ, ಹೋದವರು ಯಾರು ಎಂದು.

ಒಮ್ಮೆ ಹಿಂದಿಯ ಹಳೆಯ ನಟಿಯೊಬ್ಬರು ತೀರಿಕೊಂಡರು. ಆಕೆಯ ಒಂದೂ ಸಿನೆಮಾ ನಾನು ನೋಡಿರಲಿಲ್ಲ. ಹಾಗೆಂದು ಹೇಳಿದರೆ ಮಲ್ಲಪ್ಪ, "ಅದಕ್ಕೇನಾತ್ರಿ ಸರ, ಹಾದ್ಯಾಗ ಹೇಳ್ತೇನಿ ಬರ್ರಿ" ಎಂದು ನನ್ನನ್ನು ಲೂನಾದ ಹಿಂದೆ ಕೂರಿಸಿಕೊಂಡ. ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಅವಳ ಸಿನೆಮಾಗಳ ಕತೆಯನ್ನೆಲ್ಲ ಗಾಳಿಯಲ್ಲಿ ಕೂಗಿ ಹೇಳಿದ. ನನಗೆ ಅರ್ಧ ಕೇಳಿಸಿತು. ಭಾಷಣದಲ್ಲಿ ಒಂದು ಸಿನೆಮಾದ ವಿಧವೆಯನ್ನು ಇನ್ನೊಂದು ಸಿನೆಮಾದ ಡಕಾಯಿತನಿಗೆ ಮದುವೆ ಮಾಡಿಸಿಬಿಟ್ಟೆ. ಜನ ಅದಕ್ಕೂ ಅತ್ತರು. ಇನ್ನೊಮ್ಮೆ ಹಾಸ್ಯನಟರೊಬ್ಬರು ಹೋದಾಗ, ಜೀವಮಾನವೆಲ್ಲ ನಗಿಸಿದವರ ಸಭೆಯಲ್ಲಿ ಜನ ಒಂದಿಷ್ಟು ನಗಲಿ ಎಂದು ಹೊಸ ರೀತಿಯಲ್ಲಿ ಶುರು ಮಾಡಿದೆ. ಕಾಕಾ ಪಕ್ಕದಿಂದ ನನ್ನ ಅಂಗಿ ಜಗ್ಗಿ, "ಮಾಸ್ತರ, ಬರೋಬ್ಬರಿ ಮಾತಾಡ್ರಿ. ಮಂದಿ ಅಳಾಕ ಬಂದಾರ" ಎಂದರು. ಮತ್ತೆ ಹಳೆಯ ದಾರಿಗೇ ಬಂದೆ.

ಮನೆಯಲ್ಲಿ ಇದರ ತೊಂದರೆ ಬೇರೆಯೇ. ನಾನು ಬಿಳಿ ಅಂಗಿ ತೊಟ್ಟು ಓಣಿಗಿಳಿದರೆ ಸಾಕು, ಯಾರು ಹೋದರೆಂದು ತಿಳಿಯಲು ಚಹಾದಂಗಡಿಯವರು ರೇಡಿಯೋ ದೊಡ್ಡದು ಮಾಡುತ್ತಿದ್ದರು. ಘೋಡಗೇರಿಯಲ್ಲಿ ನನ್ನ ಹೆಂಡತಿ ಸುಶೀಲೆಯ ಸಂಬಂಧಿಕರ ಮದುವೆ. ಹುಡುಗಿಯ ಅಪ್ಪ ಹಂದರದ ಬಾಗಿಲಲ್ಲೇ ನನ್ನನ್ನು ಕಂಡು ಮುಖ ಕಪ್ಪಿಟ್ಟು, "ಯಾರ್ರಿ ಮಾಸ್ತರ?" ಎಂದರು. "ಯಾರೂ ಇಲ್ರಿ, ಅಕ್ಕಿಕಾಳ ಹಾಕಾಕ ಬಂದೇನ್ರಿ" ಎಂದರೂ ಅವರಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಸುಶೀಲೆ ಮದುವೆಗಳಿಗೆ ನನ್ನನ್ನು ಹಳದಿ ಅಂಗಿಯಲ್ಲಿ ಕರೆದೊಯ್ಯುತ್ತಿದ್ದಳು. ಅದರಲ್ಲಿ ನಾನು ಹೇಗೆ ಕಾಣುತ್ತಿದ್ದೆನೆಂಬುದನ್ನು ಕೇಳಬೇಡಿ.

ಹೀಗೆ ವರ್ಷಗಳು ಉರುಳುತ್ತಿದ್ದಾಗ ಕಾಕಾ ಒಂದು ಸಂಜೆ ತಾವೇ ಮನೆಗೆ ಬಂದರು. ಗೋಕಾಕದಲ್ಲಿ ಒಬ್ಬ ಹಿರಿಯ ಕಾದಂಬರಿಕಾರರಿಗೆ ಸನ್ಮಾನವಂತೆ, ಅವರನ್ನು ಪರಿಚಯಿಸಿ ನಾನು ಎರಡು ಮಾತು ಆಡಬೇಕಂತೆ. ಆ ಕಾದಂಬರಿಕಾರರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಭಾಷಣ ಶುರುವಾದೀತೆಂಬ ಭಯ. ನಾನು ಜೀವದಷ್ಟು ಮೆಚ್ಚಿದ ಲೇಖಕರು ಅವರೊಬ್ಬರೇ. ಓದುವ ದಿನಗಳಲ್ಲಿ ಹುಕ್ಕೇರಿಯಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ, ಕಂಬಕ್ಕೆ ಒರಗಿ ನಿಂತು ಅವರ ಮೊದಲ ಕಾದಂಬರಿ ಓದಿದ್ದೆ. ಸೀಟು ಖಾಲಿಯಾದದ್ದೂ ಗೊತ್ತಾಗಿರಲಿಲ್ಲ. ಬೆಳಗಾವಿ ಬಂದರೂ ಇಳಿಯದೆ ನಿಂತಿದ್ದವನನ್ನು ಕಂಡಕ್ಟರು, "ಏನಪಾ, ಡಿಪೋಕ್ಕ ಬರಾಂವೇನ?" ಎಂದು ಕೇಳಿ ಇಳಿಸಿದ್ದ. ನಮ್ಮ ಮನೆಯ ಅಡುಗೆಮನೆಯಲ್ಲಿ ಆಡುವ ಮಾತನ್ನೂ ಪುಸ್ತಕದಲ್ಲಿ ಅಚ್ಚು ಹಾಕಬಹುದು ಎಂಬುದು ಅವತ್ತೇ ನನಗೆ ತಿಳಿದದ್ದು. ನಾನು ಕನ್ನಡ ಮಾಸ್ತರನಾದದ್ದು ಆ ಬಸ್ಸಿನಲ್ಲಿಯೇ ಎನ್ನಬೇಕು.

ಕಡೆಗೊಮ್ಮೆ ಜೀವಂತ ಮನುಷ್ಯನ ಬಗ್ಗೆ, ಅವರ ಎದುರಿಗೇ, ನಿಜವಾಗಿ ಅನಿಸಿದ್ದನ್ನು ಹೇಳುವ ಭಾಗ್ಯ! ವಾರವಿಡೀ ತಯಾರಿ ಮಾಡಿದೆ. ಸುಶೀಲೆ ಶೇಂಗಾ ಸುಲಿಯುತ್ತ ಕೂತಿದ್ದಾಗ ಅವಳೆದುರು ನಿಂತು ಪೂರ್ತಿ ಭಾಷಣ ಒಪ್ಪಿಸಿದೆ. ಅವಳು ಕಣ್ಣೊರೆಸಿಕೊಂಡಳು.

"ಭಾಳ ಚಲೋ ಐತ್ರಿ. ಯಾವಾಗ ತೀರಕೊಂಡ್ರು?"

"ತೀರಕೊಂಡಿಲ್ಲ. ಬದುಕ್ಯಾರ! ಐತವಾರ ಗೋಕಾಕಕ್ಕ ಬರಾಕತ್ತಾರ."

"ಹಂಗಂದ್ರ ಸ್ವಲ್ಪ ನಗ್ತಾ ಹೇಳ್ರಿ ಮತ್ತ" ಎಂದು ಅವಳು ಶೇಂಗಾದ ಕಡೆ ತಿರುಗಿದಳು. ನಾನು ಕನ್ನಡಿಯೆದುರು ನಗುವುದನ್ನೂ ರೂಢಿ ಮಾಡಿಕೊಂಡೆ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಆ ಹಿರಿಯರು ಕೂತಿದ್ದರು. ನಾನೆಣಿಸಿದ್ದಕ್ಕಿಂತ ಸಣ್ಣ ಮನುಷ್ಯ. ಕೈಯಲ್ಲಿ ಊರುಗೋಲು, ಕೊರಳಿಗೆ ಮಫ್ಲರು. ಮಡಿಲಲ್ಲಿ ಯಾರೋ ಕೊಟ್ಟ ಕರದಂಟಿನ ಪೆಟ್ಟಿಗೆ. ಹೊದಿಸಿದ ಶಾಲು ಜಾರಿ ಜಾರಿ ಬೀಳುತ್ತಿತ್ತು, ಅವರು ಎತ್ತಿ ಎತ್ತಿ ಹಾಕಿಕೊಳ್ಳುತ್ತಿದ್ದರು. ಅವರ ಪಕ್ಕ ಅಧ್ಯಕ್ಷ ಕಾಕಾ. ಮೈಕಿಗೆ ಮೂಡಲಗಿಯಿಂದ ಮಲ್ಲಪ್ಪನನ್ನೇ ಕರೆಸಿದ್ದರು. ನಾನು ಎದ್ದು ನಿಂತೆ. ಚೆನ್ನಾಗಿಯೇ ಶುರು ಮಾಡಿದೆ. ಬಸ್ಸಿನ ಕತೆ ಹೇಳಿದೆ, ಜನ ನಕ್ಕರು. ಅವರ ಪಾತ್ರಗಳ ಬಗ್ಗೆ ಹೇಳಿದೆ, ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟಕ್ಕೆ ನನ್ನ ಕಣ್ಣು ಮಂಜಾಯಿತು. ಮುಂದಿನ ಮಾತು ಮರೆತುಹೋಯಿತು. ಇಷ್ಟು ವರ್ಷ ನನ್ನನ್ನು ಕಾಪಾಡಿದ ನಾಲಿಗೆ ಆಗ ತಾನಾಗಿಯೇ ಮುಂದೆ ಬಂದು ಕೆಲಸ ವಹಿಸಿಕೊಂಡಿತು.

"ಅವರು ಬರೆದರು, ಬೆಳಗಿದರು, ನಮಗೆ ಬದುಕನ್ನು ಕೊಟ್ಟು ಹೋದರು. ಇನ್ನು ಅಂಥವರು ಹುಟ್ಟಿಬರುವುದು ಕಷ್ಟ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ."

ಹೇಳಿ ಕಣ್ಣು ಮುಚ್ಚಿದೆ. ಮೂಡಲಗಿಯಿಂದ ಬಂದಿದ್ದವರಿಗೆ ನನ್ನ ದನಿ ಕೇಳಿ ರೂಢಿ. ಅವರ ಹಿಂದೆ ಸಭೆಗೆ ಸಭೆಯೇ ಎದ್ದು ನಿಂತಿತು. ಕುರ್ಚಿಗಳು ಸರಿದ ಸದ್ದು ಕೇಳಿಸಿತು, ಅದರ ಹಿಂದೆ ನನ್ನ ಪಕ್ಕದಲ್ಲೇ ಊರುಗೋಲು ಹಲಗೆಗೆ ಊರಿದ ಸದ್ದು. ಕಣ್ಣು ತೆರೆದೆ. ಕಾಕಾ ಕೈಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ, ಶಾಲು ಸರಿಪಡಿಸಿಕೊಂಡು, ತಲೆ ತಗ್ಗಿಸಿ, ಆ ಕಾದಂಬರಿಕಾರರೂ ನಿಂತಿದ್ದರು.

ಆ ಹೊತ್ತಿನಲ್ಲಿ ನನಗೆ ಏನಾಯಿತೆಂದು ಹೇಳಲಾರೆ. ಮಲ್ಲಪ್ಪ ಬಾಯಿಗೆ ಟವೆಲು ತುರುಕಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೌನ ಮುಗಿಸಬೇಕಾದವನು ನಾನು. ಮುಗಿಸಿದ ಮೇಲೆ ಏನು ಹೇಳಬೇಕು? ಆದ್ದರಿಂದ ಮುಗಿಸಲೇ ಇಲ್ಲ. ನಿಮಿಷ ಕಳೆಯಿತು, ಇನ್ನೊಂದಾಯಿತು. ಕಾಕಾ ಒಂದು ಕಣ್ಣು ತೆರೆದು ನೋಡಿದರು. ಕೊನೆಗೆ ಹಿರಿಯರೇ ಮೈಕಿನ ಬಳಿ ಬಂದರು.

"ಸಾಕ ಮಾಡ್ರಿ. ಕೂಡ್ರಿ ಎಲ್ಲಾರೂ. ಕಾಲ ನೋಯಾಕತ್ಯಾವ."

ಸಭೆ ಬಿದ್ದು ಬಿದ್ದು ನಕ್ಕಿತು. ಅವರು ನಗು ನಿಲ್ಲುವವರೆಗೆ ಕಾದು ಹೇಳಿದರು: "ಹ್ವಾದ ಊರಾಗೆಲ್ಲಾ ನೂರ್ ವರ್ಷ ಬದುಕ್ರಿ, ಇನ್ನೂ ಬರೀರಿ ಅಂತ ಜೀವಾ ತಿಂತಾರ. ಇವರೊಬ್ಬರ ನೋಡ್ರಿ ನನಗ ಬರಿಯೂದರಿಂದ ಸೂಟಿ ಕೊಟ್ಟವರು."

ಸಭೆ ಮುಗಿದ ಮೇಲೆ ನಾನು ಹಿಂಬಾಗಿಲಿನಿಂದ ಜಾರಿಕೊಳ್ಳುವುದರಲ್ಲಿದ್ದೆ. ಕಾಕಾ ಕೈ ಹಿಡಿದು ಒಳಕೋಣೆಗೆ ಎಳೆದೊಯ್ದರು. ಹಿರಿಯರು ಚಹಾ ಕುಡಿಯುತ್ತ ಕೂತಿದ್ದರು. ನಾನು ಕಾಲು ಹಿಡಿಯಲು ಬಾಗಿದೆ.

"ಏಳ್ರಿ, ಏಳ್ರಿ. ಆ ಬಸ್ಸಿನ ಮಾತು ಖರೆ ಏನ್ರಿ?"

"ಖರೆ ಐತ್ರಿ ಸರ. ಕಂಡಕ್ಟರ ಬೈದದ್ದೂ ಖರೇನ."

ಅವರು ಕಪ್ಪು ಕೆಳಗಿಟ್ಟರು. "ನಾ ಬರಿಯೂದ ಬಿಟ್ಟ ಭಾಳ ದಿನಾ ಆತ್ರಿ. ಕೈ ನಡುಗ್ತಾವ ಅಂತ ಮಂದಿಗೆ ಹೇಳ್ತೇನಿ. ಕೈ ನಡುಗೂದಿಲ್ಲ, ಒಳಗ ಏನೂ ಉಳದಿಲ್ಲ. ಇವತ್ತ ನೀವು ಎದ್ದು ನಿಂದರ್ರಿ ಅಂದ್ರಿ. ಆ ಬರಿಯೂ ಮನಿಷ್ಯಾ ಹೋಗೇ ಬಿಟ್ಟಾನಲ್ಲಾ, ಅವಂಗ ನಾನೂ ಒಂದ್ ನಿಮಿಷ ನಿಂದರಬೇಕು ಅನಸ್ತು. ಅದಕ್ಕ ನಿಂತೆ. ಹಗುರಾತ್ರಿ."

ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಮಧ್ಯಾಹ್ನ ಮಲ್ಲಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. "ಯಾರು?" ಎಂದೆ. ಹೊರಗೆ ಬಂದು ಅವನ ಮುಖ ನೋಡಿದಾಗಲೇ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಅದೇ ಹಿರಿಯರ ಫೋಟೋ, ಮಾಲೆ, ಊದುಬತ್ತಿ. ನಾನು ಮೈಕಿನ ಮುಂದೆ ನಿಂತೆ. ಜನ ಕಣ್ಣೊರೆಸಿಕೊಳ್ಳಲು ಸಿದ್ಧರಾಗಿ ಕೂತಿದ್ದರು. ಒಂದು ಮಾತೂ ಹೊರಡಲಿಲ್ಲ. ಹೇಳಬೇಕಾದದ್ದೆಲ್ಲವನ್ನೂ ಅವರ ಎದುರಿಗೇ ಹೇಳಿ ಮುಗಿಸಿದ್ದೆ. ಉಳಿದದ್ದು ಎಲ್ಲರಿಗೂ ಹೇಳುವ ಮಾತು, ಅದನ್ನು ಅವರಿಗೆ ಹೇಳಲು ಮನಸ್ಸು ಒಪ್ಪಲಿಲ್ಲ. ಫೋಟೋಕ್ಕೆ ಕೈಮುಗಿದು ಕೆಳಗಿಳಿದೆ. ಕಾಕಾ ಮೈಕಿನಲ್ಲಿ, "ಮಾಸ್ತರಿಗೆ ಆರಾಮಿಲ್ಲ, ತಪ್ಪ ತಿಳಕೋಬ್ಯಾಡ್ರಿ" ಎಂದರು.

ಮಾಸ್ತರಿಗೆ ಆರಾಮಿಲ್ಲವೆಂಬ ಸುದ್ದಿ ಊರಿಗೆಲ್ಲ ಹಬ್ಬಿತು. ಹುಕ್ಕೇರಿಯ ಕಡೆಯಿಂದ ಬಂದು ನಮ್ಮೂರಿನಲ್ಲಿ ನೆಲೆಸಿದ್ದ ಒಬ್ಬ ತರುಣ ಲೆಕ್ಚರರು ಆ ಕೆಲಸಕ್ಕೆ ನಿಂತರು. ನಾನು ಬಯಸಿದ್ದೂ ಅದನ್ನೇ ಅಲ್ಲವೆ? ಆದರೆ ಮನುಷ್ಯನ ಮನಸ್ಸು ವಿಚಿತ್ರ ನೋಡಿ. ಮುಂದೆ ದೊಡ್ಡ ಗಾಯಕರೊಬ್ಬರು ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂದಾಗ ನಾನು ಮಲಗದೆ, ಮುಖ ತೊಳೆದು, ತಲೆ ಬಾಚಿ ಪಡಸಾಲೆಯಲ್ಲಿ ಕೂತೆ. ಯಾರೂ ಬರಲಿಲ್ಲ. ದೂರದಲ್ಲಿ ಮಲ್ಲಪ್ಪನ "ಹಲೋ, ಹಲೋ" ಕೇಳಿಸತೊಡಗಿತು.

"ಯಾಕ್ರಿ, ಕರೀಲಿಲ್ಲಂತ ಮಾರಿ ಸಣ್ಣ ಮಾಡೀರಿ?" ಎಂದಳು ಸುಶೀಲೆ.

"ಛೇ ಛೇ, ಕೊತ್ತಂಬರಿ ತರಾಕ ಹೊಂಟೇನಿ" ಎಂದು ಎದ್ದೆ.

ಗುಂಪಿನ ಹಿಂದೆ ನಿಂತು ಕೇಳಿದೆ. ತರುಣ ಚೆನ್ನಾಗಿಯೇ ಮಾತಾಡಿದ. ಚಿಕ್ಕದಾಗಿ ಹೇಳಿ, ಆ ಗಾಯಕರ ಹಾಡಿನ ಒಂದು ಸಾಲು ಗುನುಗಿ ಕುಳಿತುಬಿಟ್ಟ. ನನ್ನ ಬಾಜೂ ನಿಂತಿದ್ದ, ಯಾವುದೋ ಹಳ್ಳಿಯಿಂದ ಸಂತೆಗೆ ಬಂದಿದ್ದ ಅಜ್ಜನೊಬ್ಬ ನನ್ನ ಕಡೆ ವಾಲಿದ.

"ಚಲೋ ಮಾತಾಡಿದ್ರ ನೋಡ್ರಿ. ಮೊದಲ ಇಲ್ಲಿ ಇನ್ನೊಬ್ರು ಮಾಸ್ತರ ಮಾತಾಡತಿದ್ರು. ಭಾಳ ಉದ್ದ ಎಳೀತಿದ್ರಪಾ. ನನಗ ಬಸ್ಸ ತಪ್ಪತಿತ್ತು."

ನಾನು ಅವನ ಮುಖ ನೋಡಿದೆ. ಅವನಿಗೆ ನನ್ನ ಗುರುತು ಹತ್ತಿರಲಿಲ್ಲ.

"ಹೌದ್ರಿ ಅಜ್ಜಾ," ಎಂದೆ, "ನಾನೂ ಕೇಳೇನಿ. ಭಾಳ ಉದ್ದ."