ಕೆಸರುಗುಪ್ಪೆಯ ತುರುಗಾಳಗ

ಸ್ವಸ್ತಿ! ಕೇಳಿರಿ; ಕೇಳದಿದ್ದರೂ ಅಡ್ಡಿಯಿಲ್ಲ, ನಾನಂತೂ ಹೇಳುವವನೇ. ಸಪ್ತಸಾಗರಪರಿವೃತವೂ ನಾನಾನೃಪಕಲಹಜರ್ಜರಿತವೂ ಆದ ಈ ಭೂಮಂಡಲದಲ್ಲಿ ಶಕವರ್ಷ ಏಳುನೂರ ಇಪ್ಪತ್ತೆರಡು ನಡೆಯುತ್ತಿದ್ದಾಗ ಯಾವ ದೊರೆಗೂ ತೆಪ್ಪಗೆ ಮನೆಯಲ್ಲಿ ಕೂರುವ ಬುದ್ಧಿ ಇರಲಿಲ್ಲ. ಪಡುವಣದ ರೋಮಾಪುರಿಯಲ್ಲಿ ಒಬ್ಬ ಅರಸ ಪ್ರಾರ್ಥನೆಗೆ ಹೋದರೆ ಧರ್ಮಗುರು ಅವನ ತಲೆಗೆ ಚಕ್ರವರ್ತಿಯ ಕಿರೀಟ ಇಟ್ಟು ಕಳಿಸಿದ. ಬಡಗಣ ಕಡಲಿನ ಗಡ್ಡದವರು ಹಡಗು ಹತ್ತಿ ಸನ್ಯಾಸಿಗಳ ಮಠಗಳನ್ನು ದೋಚುತ್ತಿದ್ದರು. ಚೀನಾದ ಸಾಮ್ರಾಟ ಬೋಳು ಗುಡ್ಡಗಳಿಗಾಗಿ ಟಿಬೆಟ್ಟಿನವರೊಡನೆ ಜಗಳ ಕಾಯುತ್ತಿದ್ದ. ನಮ್ಮ ರಾಷ್ಟ್ರಕೂಟ ಚಕ್ರವರ್ತಿಯೋ, ತನ್ನ ಆನೆಗಳಿಗೆ ಬಡಗಣ ನದಿಗಳ ನೀರನ್ನೇ ಕುಡಿಸುವೆನೆಂದು ಹಠ ಹಿಡಿದು, ಕನ್ನಡನಾಡಿನಲ್ಲಿ ಕೈಕಾಲು ಗಟ್ಟಿಯಿದ್ದ ಗಂಡಸರನ್ನೆಲ್ಲ ದಂಡಿಗೆ ಎಳೆದುಕೊಂಡು ಹೋಗಿದ್ದ.

ಹೀಗೆ ಲೋಕವೆಲ್ಲ ಕತ್ತಿ ಮಸೆಯುತ್ತಿರಲು, ಬನವಾಸಿ ನಾಡಿನ ಕೆಸರುಗುಪ್ಪೆಯೆಂಬ ಊರಿನಲ್ಲಿ ಪ್ರಚಂಡಶ್ಮಶ್ರುಮಂಡಿತಗಂಡಸ್ಥಲನೂ, ಅಂಬಲಿಪಾನವಿಶಾರದನೂ, ಮಧ್ಯಾಹ್ನನಿದ್ರಾಸಾಮ್ರಾಜ್ಯಪಟ್ಟಾಭಿಷಿಕ್ತನೂ, ಒಂದು ಕಾಲು ಕೊಂಚ ಗಿಡ್ಡವಾದ್ದರಿಂದ ದಂಡಿಗೆ ಬೇಡವಾದವನೂ ಆದ ಮಹಾವೀರನೊಬ್ಬನಿದ್ದ. ಅವನೇ ಎರೆಗ, ಊರ ದನಗಳ ಕಾವಲುಗಾರ.

ಎರೆಗನ ವಂಶ ಸಾಮಾನ್ಯದ್ದಲ್ಲ. ಅವನ ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ದನಗಳ್ಳರೊಡನೆ ಕಾದಿ ಸತ್ತವರು. ಊರ ಮುಂದೆ ಅವರ ವೀರಗಲ್ಲುಗಳು ಸಾಲಾಗಿ ನಿಂತಿದ್ದವು. ಪ್ರತಿ ಕಲ್ಲಿನಲ್ಲೂ ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ದೇವಕನ್ನೆಯರು, ಮೇಲೆ ಶಿವಲೋಕ. ಪಕ್ಕದಲ್ಲಿ ಇನ್ನೊಂದು ಕಲ್ಲಿಗೆ ಜಾಗ ಬಿಟ್ಟಿದ್ದರು. ಎರೆಗನ ಮೀಸೆ ನರೆತರೂ ಒಬ್ಬ ದನಗಳ್ಳನೂ ಬಂದಿರಲಿಲ್ಲ. ಊರವರು ಮರ್ಯಾದಸ್ಥರು, ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಎದುರಿಗೆ ಸಿಕ್ಕಾಗ ಇನ್ನೂ ಇದ್ದೀಯಾ ಎಂಬಂತೆ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು.

ಕಲ್ಲುಕುಟಿಗ ಬಿಣ್ಣೋಜನಿಗೆ ಅಷ್ಟೂ ತಾಳ್ಮೆಯಿರಲಿಲ್ಲ. ಬಿಡುವಿದ್ದಾಗ ಆಗಿಹೋಗಲೆಂದು ಎರೆಗನ ಕಲ್ಲನ್ನು ಅವನು ಆಗಲೇ ಕೆತ್ತಿಬಿಟ್ಟಿದ್ದ. ದನಗಳನ್ನು ಬಿಡಿಸಿ ತಂದು, ಸತ್ತು, ಸ್ವರ್ಗಕ್ಕೇರಿದ ಎಂಬ ಅರ್ಥದಲ್ಲಿ ‘ತುರುವಂ ಮಗುಳ್ಚಿ ಸತ್ತು ಸಗ್ಗಮನೇರಿದಂ’ ಎಂದು ಅಕ್ಷರವನ್ನೂ ಕೊರೆದಾಗಿತ್ತು. ಉಳಿದದ್ದು ಮೀಸೆಯೊಂದೇ. ಹುರಿ ಮಾಡಲೋ ಇಳಿಬಿಡಲೋ ಎಂದು ಕೇಳಲು ಆಗಾಗ ಎರೆಗನ ಮನೆಗೇ ಬಂದು, ಕೊಟ್ಟ ಮಜ್ಜಿಗೆ ಕುಡಿದು ಹೋಗುತ್ತಿದ್ದ.

ನಿಜ ಹೇಳಬೇಕೆಂದರೆ ಎರೆಗನಿಗೆ ಸಾಯಲು ಮನಸ್ಸಿರಲಿಲ್ಲ. ಎಳೆಬಿಸಿಲು, ಬಿಸಿ ಅಂಬಲಿ, ಹೆಂಡತಿ ಚಂದಿಯಬ್ಬೆಯ ಬೈಗುಳ, ಇವೆಲ್ಲ ಅವನಿಗೆ ಬಹಳ ಇಷ್ಟ. ಅಂಥ ವಂಶದಲ್ಲಿ ಹುಟ್ಟಿ ಹೀಗೆ ಬದುಕಲು ಆಸೆಪಡುವುದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು.

ಇಂತಿರಲು ಮಾಗಿಯ ಒಂದು ಬೆಳಗ್ಗೆ ಊರ ದೊಡ್ಡಿ ಬರಿದಾಗಿತ್ತು. ಗೊರಸಿನ ಗುರುತುಗಳು ನೆರೆಯೂರು ಅವರೆಕೊಪ್ಪದ ಕಡೆ ಹೋಗಿದ್ದವು. ಊರ ಹಿರಿಯ ಸಿರಿಗಾವುಂಡ ಡಂಗುರ ಹೊಡೆಸಿದ. ಹೆಂಗಸರು, ಮುದುಕರು, ಮಕ್ಕಳು ಹಬ್ಬಕ್ಕೆ ಬಂದವರಂತೆ ಎರೆಗನ ಅಂಗಳದಲ್ಲಿ ನೆರೆದರು.

“ಎರೆಗಾ, ನಿನ್ನ ಪುಣ್ಯಾ ಬಾಗ್ಲಿಗೆ ಬಂದೈತಿ ನೋಡಪಾ! ಮ್ಯಾಲ ನಿಮ್ಮಪ್ಪ ಸಿಕ್ರ ಗಾವುಂಡ ಕೇಳಿದಾ ಅಂತ ಹೇಳು,” ಎಂದ ಸಿರಿಗಾವುಂಡ.

ಬಿಣ್ಣೋಜ ಹತ್ತಿರ ಬಂದು ಮೆಲ್ಲಗೆ, “ಅಣ್ಣಾರ, ಮಾರಿಗೆ ಪೆಟ್ಟು ಬೀಳಧಂಗ ಸಾಯ್ರಿ. ಕಲ್ಲಿನ್ಯಾಗ ಮಾರಿ ಭಾಳ ಚಲೋ ಬಂದೈತಿ,” ಎಂದು ಬೇಡಿಕೊಂಡ.

ಚಂದಿಯಬ್ಬೆ ಮಾತ್ರ ಆರತಿ ಹಿಡಿಯಲಿಲ್ಲ. ಒಳಗಿಂದ ಅಂಬಲಿಯ ಮಡಕೆ ತಂದು ಕುಕ್ಕಿದಳು. “ಉಂಡು ಹೋಗ್ರಿ. ಹಸದ ಹೊಟ್ಟಿಲೆ ಸಗ್ಗಕ್ಕ ಹೋದ್ರ ಅಲ್ಲಿ ನಿಮಗ ಅಂಬ್ಲಿ ಕಾಸೋರು ಯಾರದಾರ?” ಎಂದವಳು, ಬಡಿಸುವ ನೆವದಲ್ಲಿ ಬಗ್ಗಿ, “ದನಾ ಬರದಿದ್ರೂ ನಡೀತೈತಿ. ನೀವು ಬರ್ರಿ,” ಎಂದಳು. ಎರೆಗ ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅನಂತರ ಆ ತುರುಗಾಹಿಕುಲತಿಲಕನು ಹರಕು ಕಂಬಳಿಯನ್ನೇ ವಜ್ರಕವಚವಾಗಿ ಹೊದ್ದು, ಅಪ್ಪನ ಕಾಲದಿಂದ ಒರೆಯೊಳಗೇ ತುಕ್ಕು ಹಿಡಿದು ಕೂತ ಕತ್ತಿಯನ್ನು ಹೆಗಲಿಗೇರಿಸಿ, ದಿಗ್ಗಜಗಳು ಬೆಚ್ಚುವಂತೆ ಕುಂಟುತ್ತ ಹೊರಟ. ಅವರೆಕೊಪ್ಪದ ಗಡಿಯಲ್ಲಿ, ಒಂದು ಹೊಲದ ನಡುವೆ, ಊರ ದನಗಳೆಲ್ಲ ಹೊಟ್ಟೆ ಬಿರಿಯುವಷ್ಟು ಮೇದು ಮೆಲುಕು ಹಾಕುತ್ತ ಮಲಗಿದ್ದವು. ವೈರಿಸೈನ್ಯ ಎಲ್ಲೂ ಕಾಣಲಿಲ್ಲ. ಎರೆಗ ಕಣ್ಣು ಮುಚ್ಚಿ ಗರ್ಜಿಸಿದ:

“ಎಲೆಲೇ ತುರುಚೋರರಿರಾ! ಎನ್ನ ಭುಜಬಲಮಂ ಅರಿಯಿರೇ? ಎನ್ನ ಮುತ್ತಯ್ಯಂ ಕಾದಿ ಸತ್ತಂ! ಎನ್ನಜ್ಜಂ ಕಾದಿ ಸತ್ತಂ! ಎನ್ನಯ್ಯಂ ಕಾದಿ ಸತ್ತಂ! ಆನುಂ ಕಾದಿ…”

ಮುಂದಿನ ಮಾತು ಏನೆಂದು ಹೊಳೆದು ಅವನ ಬಾಯಿ ಅಲ್ಲಿಗೇ ನಿಂತಿತು.

“ಒದರಬ್ಯಾಡೋ ತಮ್ಮಾ, ದನಾ ಬೆದರ್ತಾವು,” ಎಂದು ಬದುವಿನ ಮೇಲಿಂದ ಯಾರೋ ಅಂದರು. ಮುದುಕಿಯೊಬ್ಬಳು ಕೋಲು ಹಿಡಿದು ಕೂತಿದ್ದಳು. ಜಕ್ಕಬ್ಬೆ, ಆ ಹೊಲದ ಒಡತಿ.

“ನಮ್ಮ ದನಾ ಕದ್ದೋರು ಎಲ್ಲದಾರ ಯವ್ವಾ?”

“ಕದಿಯಾಕ ಗಂಡಸ್ರು ಎಲ್ಲದಾರ? ಚಕ್ರವರ್ತಿ ಆನಿಗೆ ನೀರು ಕುಡಿಸಾಕ ಹೋಗ್ಯಾರ. ನಿನ್ನ ದನಾನ ನನ್ನ ಬೇಲಿ ಮುರದು ಬಂದು ಅವರಿ ಎಲ್ಲಾ ತಿಂದಾವು. ಕಾಯೋನು ನೀ ಎಲ್ಲಿದ್ದಿ?”

“ಮಲ್ಕೊಂಡಿದ್ದೆ,” ಎಂದ ಎರೆಗ. ಸುಳ್ಳು ಹೇಳುವುದು ವೀರನಿಗೆ ತಕ್ಕದ್ದಲ್ಲ.

“ಹಂಗಾರ ಬೇಲಿ ಕಟ್ಟಿಕೊಟ್ಟು ಹೊಡ್ಕೊಂಡು ಹೋಗು.”

ಆಮೇಲೆ ನಡೆದ ಘೋರಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಒರೆ ಬಿಟ್ಟು ಬಾರದ ಆ ಖಡ್ಗವನ್ನು ಒರೆಯ ಸಮೇತ ಎತ್ತೆತ್ತಿ, ಗೂಟಗಳೆಂಬ ಶತ್ರುಶಿರಗಳ ಮೇಲೆ ಬಡಿದು ಅವುಗಳನ್ನು ಪಾತಾಳಕ್ಕಟ್ಟಿದ. ಕರಿಜಾಲಿಯ ಕೊಂಬೆಗಳೆಂಬ ಬಾಣಪಂಜರದೊಳಗೆ ನುಗ್ಗಿ, ಕೈಕಾಲು ಗೀರಿಸಿಕೊಂಡು, ಅವನ್ನು ಹೊರೆಹೊರೆಯಾಗಿ ಬೇಲಿಗೆ ಕಟ್ಟಿದ. ಮುದುಕಿ ಕೂತಲ್ಲಿಂದಲೇ “ಅಲ್ಲಿ ಸಡ್ಲ ಆತು, ಬಿಗೀ ಮಾಡು” ಎಂದು ಮೂದಲಿಸುತ್ತಿದ್ದಳು. ರೋಮಾಪುರಿಯ ಹೊಸ ಚಕ್ರವರ್ತಿಗೂ ಆ ಚಳಿಗಾಲದಲ್ಲಿ ಅಷ್ಟು ಬೆವರು ಬಂದಿರಲಾರದು.

ಹೊತ್ತು ಇಳಿದಾಗ ಬೇಲಿ ಮುಗಿದಿತ್ತು. ದನಗಳನ್ನು ಮುಂದೆ ಹೊಡೆದುಕೊಂಡು, ಅಂಗಾಲಲ್ಲಿ ಮುರಿದು ಕೂತ ಮುಳ್ಳಿನಿಂದ ಮೊದಲಿಗಿಂತ ಹೆಚ್ಚು ಕುಂಟುತ್ತ ಎರೆಗ ಹಿಂತಿರುಗಿದ. ಊರು ಹತ್ತಿರವಾದಂತೆ ಅವನ ಎದೆ ಕುಗ್ಗಿತು. ಬೆಳಗ್ಗೆ ಅಷ್ಟು ಪ್ರೀತಿಯಿಂದ ಕಳಿಸಿಕೊಟ್ಟವರಿಗೆ ಈಗ ಏನೆಂದು ಹೇಳುವುದು? ದಾರಿಯಲ್ಲಿ ಸಾಯಲು ಏನಾದರೂ ನೆವ ಸಿಗುತ್ತದೆಯೋ ಎಂದು ಅತ್ತಿತ್ತ ನೋಡಿದ. ಸಿಗಲಿಲ್ಲ.

ಊರ ಮುಂದೆ ಕಾದಿದ್ದ ಜನ ಮೊದಲು ದನ ಕಂಡು ಹಿಗ್ಗಿದರು, ಆಮೇಲೆ ಎರೆಗನನ್ನು ಕಂಡು ಪೆಚ್ಚಾದರು. ಅಷ್ಟರಲ್ಲಿ ಯಾರೋ “ರಕ್ತಾ! ಕಾಲಾಗ ರಕ್ತಾ!” ಎಂದು ಕೂಗಿದ್ದರಿಂದ ಎಲ್ಲರ ಮುಖ ಮತ್ತೆ ಅರಳಿತು. ಗಾವುಂಡ ಸಾಯುವವನ ಬಾಯಿಗೆ ಬಿಡಲು ನೀರಿನ ತಂಬಿಗೆ ಹಿಡಿದು ಓಡಿಬಂದ. ಎರೆಗ ಅದನ್ನು ಗಟಗಟ ಕುಡಿದು, ನಡೆದದ್ದನ್ನೆಲ್ಲ ನಡೆದಂತೆಯೇ ಹೇಳಿದ.

ಜನ ಗಾವುಂಡನ ಮುಖ ನೋಡಿದರು. ಕೊನೆಗೆ ಗಾವುಂಡ, “ಅಲ್ಲೋ, ಕಲ್ಲು ಕೆತ್ತಿ ಆಗೈತಿ. ಸತ್ತಾ ಅಂತ ಬರದೂ ಆಗೈತಿ. ಮೂರು ತಲಿಮಾರಿನ ಮರ್ಯಾದಿ… ನೋಡಪಾ, ಇನ್ನೂ ಕತ್ತಲಾಗಿಲ್ಲ,” ಎಂದ.

ಎರೆಗ ಕಲ್ಲುಗಳನ್ನು ನೋಡಿದ. ಜನರ ಹಿಂದೆ ಬರಿಗಾಲಲ್ಲಿ ಓಡಿಬಂದು ನಿಂತಿದ್ದ ಚಂದಿಯಬ್ಬೆಯನ್ನು ನೋಡಿದ. ಅವನ ವಂಶದಲ್ಲಿ ಯಾರ ಬಾಯಲ್ಲೂ ಬಾರದಿದ್ದ ಮಾತು ಆಗ ಅವನ ಬಾಯಲ್ಲಿ ಬಂತು.

“ಗಾವುಂಡರ, ನೀವ ಏರ್ರಿ ಸಗ್ಗ. ಕಲ್ಲು ತಯಾರೈತಿ. ಮೀಸಿ ಅಷ್ಟ ನಿಮ್ಮದು ಕೆತ್ತಿಸಿದ್ರಾತು.”

ಗಾವುಂಡನಿಗೆ ಮನೆಯಲ್ಲಿ ಹಸು ಕರೆಯದೆ ಬಿಟ್ಟದ್ದು ಥಟ್ಟನೆ ನೆನಪಾಯಿತು. ಉಳಿದವರಿಗೂ ಒಂದೊಂದು ಕೆಲಸ ನೆನಪಾಗಿ ಬಯಲು ಖಾಲಿಯಾಯಿತು. ಕೆಸರುಗುಪ್ಪೆಯ ತುರುಗಾಳಗ ಮುಗಿದದ್ದು ಹೀಗೆ.

ಮನೆಯಲ್ಲಿ ಚಂದಿಯಬ್ಬೆ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, “ಯಾರ ಸಲುವಾಗಿ ಸಾಯಾಕ ಹೊಂಟಿದ್ರಿ? ಹೇಳ್ರಿ, ಯಾರ ಸಲುವಾಗಿ?” ಎಂದು ಬೈಯುತ್ತ, ಅಳುತ್ತ, ನಡುನಡುವೆ ನಗುತ್ತ ಮುಳ್ಳು ಕೆದಕಿದಳು. ಆ ಸಮರಧೀರನು ಊರೇ ಅದುರುವಂತೆ ಚೀರಿದ.

ಬಾಗಿಲಲ್ಲಿ ಬಿಣ್ಣೋಜನ ತಲೆ ಕಾಣಿಸಿತು. ಕೈಯಲ್ಲಿ ಉಳಿಯಿತ್ತು, ಮುಖದಲ್ಲಿ ಆಸೆಯಿತ್ತು. “ಹ್ವಾದ್ರೇನ್ರಿ?” ಎಂದ.

ಚಂದಿಯಬ್ಬೆ ಎದ್ದು ಹೋಗಿ ಅವನ ಅಂಗೈಯಲ್ಲಿ ಮುಳ್ಳಿನ ಮೊನೆಯನ್ನಿಟ್ಟು, “ಇದನ್ನ ಕೆತ್ರಿ, ಹೋಗ್ರಿ,” ಎಂದಳು. ಬಿಣ್ಣೋಜ ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ. ಎಳ್ಳಿನಷ್ಟೂ ಇರಲಿಲ್ಲ.