ಮೂರನೇ ಸಾಲಿನ ಹಸಿರು ಮುಖ

ಬಣ್ಣದ ಗಾಜಿನ ಕಿಟಕಿ ಮಾಡುವ ಜಾಗದಲ್ಲಿ ನೆಟ್ಟಗೆ ನಡೆಯುವುದು ಬಿಸಿಲೊಂದೇ, ಮಿಕ್ಕಿದ್ದೆಲ್ಲ ಅಡ್ಡಾದಿಡ್ಡಿ. ಈಗ ಕೆಂಡಲ್ ಪಾರ್ಕಿನ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಸೇರಿದಾಗ ಯಾರಾದರೂ "ಆಂಟಿ, ನೀವು ಬಂದ ಹೊಸದರಲ್ಲಿ ಏನ್ಮಾಡ್ತಿದ್ರಿ?" ಎಂದು ಕೇಳುತ್ತಾರೆ. "ಸಿನಗಾಗಿಗೆ ಕಿಟಕಿ ಮಾಡ್ತಿದ್ದೆ" ಎನ್ನುತ್ತೇನೆ. ಸಿನಗಾಗ್ ಅಂದರೆ ಯಹೂದ್ಯರ ಪ್ರಾರ್ಥನಾ ಮಂದಿರ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕು, ಪಲ್ಯ ಬಡಿಸಿಕೊಳ್ಳಲು ಹೋಗುತ್ತಾರೆ. ನಿಜವಾದ ತಮಾಷೆ ಕೇಳಲು ನಿಲ್ಲುವುದೇ ಇಲ್ಲ.

ಪುಟ್ಟಿಯ ಕೈ

ಅರವತ್ತರ ದಶಕದ ಕೊನೆ. ಧಾರವಾಡದಿಂದ ಬಂದು ನ್ಯೂಯಾರ್ಕಿನ ಹತ್ತಿರದ ಹ್ಯಾರಿಸನ್ನಿನಲ್ಲಿ ಮನೆ ಮಾಡಿದ್ದೆವು. ನಮ್ಮನೆಯವರು ಬೆಳಿಗ್ಗೆ ಟ್ರೇನು ಹಿಡಿದರೆ ಬರುವುದು ಸಂಜೆಗೆ. ಬೀದಿಯ ತುದಿಯಲ್ಲಿ ಬಣ್ಣದ ಗಾಜಿನ ವರ್ಕ್‌ಶಾಪ್ ಇತ್ತು. ಅದರ ಮೇಸ್ತ್ರಿ ಇಟಲಿಯಿಂದ ಬಂದ ಮುದುಕ. ಬಾಗಿಲಲ್ಲಿ 'ಕೆಲಸಕ್ಕೆ ಜನ ಬೇಕು' ಎಂಬ ಬೋರ್ಡು ನೋಡಿ ಒಳಗೆ ಹೋದೆ. ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳ ಸಂದಿಗೆ ಪುಟ್ಟಿ ಎಂಬ ಮೇಣದಂಥ ಕರಿ ಅಂಟು ತುಂಬುವ ಕೆಲಸ ಸಿಕ್ಕಿತು.

ಸಂಜೆ ನಮ್ಮನೆಯವರು ನನ್ನ ಕೈ ನೋಡಿ ಹೌಹಾರಿದರು. "ಇದೇನs ಇದು, ಕೈ ಇಷ್ಟು ಕರ್ರಗ?"

"ಕೆಲಸಕ್ಕ ಸೇರೇನ್ರಿ. ಕಿಡಕಿಗೆ ಪುಟ್ಟಿ ಹಚ್ಚೂದು."

"ಎಂ.ಎ. ಮಾಡಿ, ಸಮುದ್ರಾ ದಾಟಿ ಬಂದು, ಪುಟ್ಟಿ ಹಚ್ಚತಿಯೇನು?"

"ದೇವರ ಕಿಡಕಿ ರೀ."

"ಯಾವ ದೇವರು?"

"ಯಹೂದ್ಯರ ದೇವರು."

ಅವರು ಸೋಪು ತಂದು ನನ್ನ ಕೈಗಿಟ್ಟರು. "ಹಂಗಾದ್ರ ಛಲೋತ್ನ್ಯಾಗ ಕೈ ತೊಳಕೊಂಡು ನಮ್ಮ ದೇವರ ಮುಂದನೂ ಒಂದು ದೀಪಾ ಹಚ್ಚು. ಅಂವಾ ಸಿಟ್ಟಾಗಬಾರದು."

ಸ್ಯಾಂಪಲ್ಲು

ಆಮೇಲೆ ಈಸ್ಟ್ ಬ್ರನ್ಸ್‌ವಿಕ್ ಕಡೆಯ ಇನ್ನೊಂದು ಸಿನಗಾಗಿನ ಕಿಟಕಿಯ ಕೆಲಸ ನಮ್ಮಲ್ಲಿಗೆ ಬಂತು. ಮನುಷ್ಯರ ಚಿತ್ರ ಬೇಡವೆಂದು ಅವರ ಕಮಿಟಿ ಹೇಳಿದ್ದರಿಂದ ಮೇಸ್ತ್ರಿ ದ್ರಾಕ್ಷಿಯ ಬಳ್ಳಿ ಬರೆದರು. ಎಲೆಗೆ ಯಾವ ಹಸಿರು ಅನ್ನುವುದೇ ತೀರ್ಮಾನವಾಗಲಿಲ್ಲ. ಒಂದು ಗಾಜು ತೋರಿಸಿದರೆ ಕಮಿಟಿಯ ಸೆಕ್ರೆಟರಿ "ಔಷಧಿ ಸೀಸೆ ಇದ್ದಂಗಿದೆ" ಎನ್ನುವರು. ಇನ್ನೊಂದು ತೋರಿಸಿದರೆ "ನಮ್ಮತ್ತೆ ಮನೆ ಬಾತ್‌ರೂಮಿನ ಬಣ್ಣ!"

ಮೇಸ್ತ್ರಿಯ ಮುಖ ಕೆಂಪಾಗುವುದನ್ನು ನೋಡಿ ನಾನು ಪುಟ್ಟಿ ಕೆಳಗಿಟ್ಟು, ಕೈಯನ್ನು ಬಿಸಿಲಿಗೆ ಎತ್ತಿ ಹಿಡಿದೆ. "ಇದು ಆಗಬಹುದಾ?" ಕೈತುಂಬ ಹಸಿರು ಗಾಜಿನ ಬಳೆ. ಸೆಕ್ರೆಟರಿ ಬಹಳ ಹೊತ್ತು ನೋಡಿ, "ಇದೇ!" ಎಂದರು.

"ಒಂದು ಬಿಚ್ಚಿ ಕೊಡಮ್ಮ, ಗಾಜಿನ ಅಂಗಡಿಯಲ್ಲಿ ಹೊಂದಿಸಿ ತರ್ತೀನಿ" ಎಂದರು ಮೇಸ್ತ್ರಿ.

ಅಮ್ಮ ತೊಡಿಸಿ ಕಳಿಸಿದ ಬಳೆ. ಬಿಚ್ಚುವುದಿಲ್ಲ ಎಂದೆ. ಹಾಗಾಗಿ ಬಳೆಯ ಜೊತೆ ನಾನೂ ನ್ಯೂಯಾರ್ಕಿಗೆ ಹೋಗಬೇಕಾಯಿತು. ಅಂಗಡಿಯವನು ನನ್ನ ಕೈ ಬೆಳಕಿಗೆ ಹಿಡಿಸಿ ಒಂದೊಂದೇ ಗಾಜು ಪಕ್ಕಕ್ಕಿಟ್ಟು ನೋಡಿದ. ಅಂಗಡಿ ಮುಚ್ಚುವ ಹೊತ್ತಾದರೂ ಹೊಂದಲಿಲ್ಲ. ಕೊನೆಗೆ ಕತ್ತೆತ್ತದೆಯೇ ಮೇಸ್ತ್ರಿಗೆ ಹೇಳಿದ: "ಸ್ಯಾಂಪಲ್ಲು ಇಲ್ಲೇ ಬಿಟ್ಟು ಹೋಗಿ, ನಾಳೆ ನೋಡ್ತೀನಿ."

ಮರುದಿನ ಮತ್ತೆ ಹೋದಾಗ ಹೊಂದಿತು. ಬರುವಾಗ ದಾರಿಯಲ್ಲಿ ಮೇಸ್ತ್ರಿ ಹೇಳಿದರು: "ನಿನ್ನ ಹಸಿರು ಆ ಸಿನಗಾಗಿನಲ್ಲಿ ಒಪ್ಪಿಗೆಯಾಗಿ ನಿಂತರೆ ಬಣ್ಣ ಆರಿಸುವ ಮೇಜು ನಿನ್ನದು. ನಿಲ್ಲದಿದ್ದರೆ ಪುಟ್ಟಿ ಡಬ್ಬಿ ಎಲ್ಲೂ ಹೋಗಿಲ್ಲ." ಆ ಮೇಜು ಕಿಟಕಿಯ ಪಕ್ಕ ಇತ್ತು, ಬೆಳಗಿನ ಬಿಸಿಲು ಬೀಳುವ ಕಡೆ. ನನಗೆ ಅದರ ಮೇಲೆ ಬಂದ ದಿನದಿಂದಲೂ ಕಣ್ಣು.

ಶುಭಾಶಯ

ಮೊದಲ ಎಲೆ ಕತ್ತರಿಸುವಾಗಲೇ ಗಾಜು ಫಟ್ಟನೆ ಒಡೆಯಿತು, ಅದೂ ಸೆಕ್ರೆಟರಿಯ ಎದುರಿಗೆ. ನಮ್ಮಲ್ಲಿ ಗಾಜು ಒಡೆದರೆ ಅಪಶಕುನ. ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಸೆಕ್ರೆಟರಿ ಚಪ್ಪಾಳೆ ತಟ್ಟಿ "ಮಝಲ್ ತೋವ್!" ಎಂದು ಕೂಗಿದರು. ಬೈಗುಳವೇ ಇರಬೇಕು ಅಂದುಕೊಂಡೆ. ಆಮೇಲೆ ಅವರೇ ತಿಳಿಸಿದರು: ಅವರ ಮದುವೆಯಲ್ಲಿ ಗಂಡು ಗಾಜಿನ ಲೋಟ ತುಳಿದು ಒಡೆಯುತ್ತಾನೆ, ಸೇರಿದವರೆಲ್ಲ ಹೀಗೆ ಕೂಗಿ ಶುಭ ಹಾರೈಸುತ್ತಾರೆ.

ಅಲ್ಲಿಂದ ಮುಂದೆ ವರ್ಕ್‌ಶಾಪಿನಲ್ಲಿ ಯಾವ ಗಾಜು ಒಡೆದರೂ ನಾವೆಲ್ಲ "ಮಝಲ್ ತೋವ್!" ಕೂಗುತ್ತಿದ್ದೆವು. ಒಂದು ದಿನ ಟ್ರೇನು ಹೋದ ಅದುರಿಗೆ ಮೇಸ್ತ್ರಿಯ ಕೈಯಿಂದ ಒಂದು ಇಡೀ ಹಲಗೆಯಷ್ಟು ಕೆಂಪು ಗಾಜು ಜಾರಿ ಪುಡಿಪುಡಿಯಾಯಿತು. ಮಿಕ್ಕವರೆಲ್ಲ ತಲೆ ತಗ್ಗಿಸಿ ಪೊರಕೆ ಹುಡುಕತೊಡಗಿದರು. ನಾನೊಬ್ಬಳೇ ಅಭ್ಯಾಸಬಲದಿಂದ ಜೋರಾಗಿ ಕೂಗಿದೆ.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಇದು ಮದುವೆ ಅಲ್ಲಮ್ಮ, ಡೈವೋರ್ಸು."

ಡಾಕ್ಟರು ಏನೂ ಇಲ್ಲ ಅಂದರು

ಬೇಸಿಗೆಯ ಶುರುವಿನಲ್ಲಿ ಕಿಟಕಿ ಕೂರಿಸಿದೆವು. ಎಲ್ಲರೂ ಹೊಗಳಿದರು. ಮೇಜು ಇನ್ನೇನು ನನ್ನದೇ ಅಂದುಕೊಂಡೆ. ಅಷ್ಟರಲ್ಲಿ ಸೆಕ್ರೆಟರಿಯ ಫೋನು ಬಂತು.

ಮೂರನೇ ಸಾಲಿನಲ್ಲಿ ಒಬ್ಬ ಅಜ್ಜ ಕೂರುತ್ತಿದ್ದರು. ಶನಿವಾರದ ಪ್ರಾರ್ಥನೆಯಲ್ಲಿ, ಅವರ ಗುರುಗಳಾದ ರಬ್ಬಿ ಪ್ರವಚನ ಶುರು ಮಾಡುವ ಹೊತ್ತಿಗೆ ಸರಿಯಾಗಿ, ನನ್ನ ದ್ರಾಕ್ಷಿ ಎಲೆಯ ಬಿಸಿಲು ಅಜ್ಜನ ಮುಖಕ್ಕೆ ಬೀಳುತ್ತಿತ್ತು. ಮುಖ ಹಾಗಲಕಾಯಿಯಂತೆ ಹಸಿರು. ಅವರ ಹೆಂಡತಿ ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರಂತೆ. ಡಾಕ್ಟರು ಏನೂ ಇಲ್ಲ ಎಂದರು. ಮುಂದಿನ ಶನಿವಾರ ಮತ್ತೆ ಹಸಿರು!

ಅವರ ಪಕ್ಕಕ್ಕೆ, ನಡುವಿನ ದಾರಿಯ ಆಚೆ ಕೂರುತ್ತಿದ್ದವರು ಒಬ್ಬ ರಿಟೈರಾದ ಟೈಲರು, ಅಜ್ಜನ ಬಾಲ್ಯದ ಗೆಳೆಯ. ಅವರಿಗಂತೂ ಹಬ್ಬ. ಪ್ರತಿ ವಾರ ಬಗ್ಗಿ ಕೇಳುವರು: "ಏನಪ್ಪಾ, ಇನ್ನೂ ಹಣ್ಣಾಗಿಲ್ವಾ?"

"ಎರಡು ಸೀಟು ಆಚೆ ಕೂತರೆ ಆಗದೇ?" ಎಂದೆ ನಾನು. ಸೆಕ್ರೆಟರಿ ನಿಟ್ಟುಸಿರು ಬಿಟ್ಟರು. "ನಮ್ಮಲ್ಲಿ ಒಬ್ಬೊಬ್ಬರಿಗೂ ಪ್ರಾರ್ಥನೆಗೆ ಒಂದೊಂದು ಜಾಗ ಇರುತ್ತೆ, ಅದನ್ನು ಬದಲಾಯಿಸುವುದಿಲ್ಲ" ಎಂದರು. "ಅಜ್ಜನನ್ನು ಕದಲಿಸುವುದಕ್ಕಿಂತ ಕಿಟಕಿ ಕೀಳುವುದು ಸುಲಭ. ಸೆಪ್ಟೆಂಬರಿನಲ್ಲಿ ಬರುವ ನಮ್ಮ ಹೊಸ ವರ್ಷದ ಹಬ್ಬದೊಳಗೆ ಎಲೆಯ ಬಣ್ಣ ಬದಲಾಗಲಿ."

ನನ್ನ ಜಾಗ

ಮೇಸ್ತ್ರಿ ಪುಟ್ಟಿ ಡಬ್ಬಿಯ ಕಡೆ ನೋಡಿದರು. ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಒಮ್ಮೆ ನೋಡಿ ಬರೋಣ ಎಂದು, ಜುಲೈ ಕೊನೆಯ ಒಂದು ಮಂಗಳವಾರ, ಪ್ರವಚನದ ಹೊತ್ತಿಗೆ ಸರಿಯಾಗಿ ಇಬ್ಬರೂ ಹೋದೆವು. ಹಾಲ್ ಖಾಲಿ. ನಾನು ಅಜ್ಜನ ಸೀಟಿನಲ್ಲಿ ಕೂತು ಬಿಸಿಲಿಗೆ ಮುಖ ಒಡ್ಡಿದೆ.

ಯಾರೋ ಕೆಮ್ಮಿದರು. ನೋಡಿದರೆ ಅಜ್ಜ! ಕಿಟಕಿಯವರು ಬಂದಿದ್ದಾರೆಂದು ಕೇಳಿ ಬಂದವರು. ಇಡೀ ಹಾಲ್‌ನಲ್ಲಿ ನಾನು ಕೂತದ್ದೊಂದನ್ನು ಬಿಟ್ಟು ಎಲ್ಲ ಸೀಟೂ ಖಾಲಿ. ಅಜ್ಜ ನನ್ನ ಪಕ್ಕದಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ನಿಂತೇ ಇದ್ದರು. ಕೊನೆಗೆ ಬಹಳ ವಿನಯದಿಂದ ಕೇಳಿದರು: "ನೀವು ಇನ್ನೂ ಬಹಳ ಹೊತ್ತು ಕೂರ್ತೀರಾ?"

ಎದ್ದೆ. ಅವರು ಕೂತರು. ಬಿಸಿಲು ಬಿತ್ತು, ಆದರೆ ಮೂಗಿನ ಅರ್ಧ ಮಾತ್ರ ಹಸಿರು! ಬಿಸಿಲು ನಡುವಿನ ದಾರಿಯ ಕಡೆಗೆ ಸ್ವಲ್ಪ ಜರುಗಿತ್ತು. ಧಾರವಾಡದ ಪಡಸಾಲೆಯಲ್ಲಿ ಅಮ್ಮ ತಿಂಗಳು ತಿಂಗಳೂ ಬಿಸಿಲಿನ ಹಿಂದೆ ಉಪ್ಪಿನಕಾಯಿ ಭರಣಿ ಸರಿಸುತ್ತಿದ್ದದ್ದು ನೆನಪಾಯಿತು. ಖಾತ್ರಿಯೇನೂ ಇರಲಿಲ್ಲ. ಹಸಿರನ್ನು ಉಳಿಸಿಕೊಳ್ಳುವ ಆಸೆಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ದಕ್ಷಿಣಾಯನ ಶುರುವಾಗಿದೆ. ಅಜ್ಜ ಸರಿಯದಿದ್ದರೇನು, ಸೂರ್ಯ ಸರೀತಾನೆ. ಹಬ್ಬದವರೆಗೆ ಕಾಯಿರಿ."

"ಯಾರ ಗ್ಯಾರಂಟಿ?" ಎಂದರು ಮೇಸ್ತ್ರಿ.

"ಸೂರ್ಯನದೇ."

"ಅವನು ನಮ್ಮ ಸಂಬಳದವನಲ್ಲಮ್ಮ!"

ಆರಾರು ತಿಂಗಳು

ಹಬ್ಬದ ದಿನ ಹಾಲ್ ತುಂಬಿತ್ತು. ನಾನು, ಮೇಸ್ತ್ರಿ ಹಿಂದೆ ನಿಂತಿದ್ದೆವು. ನಾನು ಮನಸ್ಸಿನಲ್ಲೇ ಸೂರ್ಯನಾರಾಯಣನಿಗೆ ಕೈಮುಗಿದೆ. ಯಾರ ಮನೆಯಲ್ಲಿ ನಿಂತು ಯಾರನ್ನು ಬೇಡುತ್ತಿದ್ದೇನೆ ಎಂದು ಯೋಚಿಸಲೂ ಧೈರ್ಯವಿರಲಿಲ್ಲ.

ರಬ್ಬಿ ಪ್ರವಚನ ಶುರು ಮಾಡಿದರು. ಬಿಸಿಲು ಬಂತು. ಅಜ್ಜನ ಮುಖ ಸ್ವಚ್ಛ! ಹಸಿರು ನಡುವಿನ ದಾರಿಯನ್ನು ದಾಟಿ ಹೋಗಿ, ಟೈಲರ ಬೋಳುತಲೆಯಿಂದ ಗದ್ದದವರೆಗೆ ಹರಡಿಕೊಂಡಿತ್ತು. ಅಜ್ಜ ನಿಧಾನವಾಗಿ ತಿರುಗಿ ನೋಡಿದರು. ಅಷ್ಟು ಭಕ್ತಿಯಿಂದ ತುಂಬಿದ ಮುಖ ನಾನು ಮತ್ತೆ ನೋಡಿಲ್ಲ.

ಮುಂದಿನ ವಾರ ಕಮಿಟಿ ಸೇರಿತು, ನಮ್ಮನ್ನೂ ಕರೆಸಿದ್ದರು. ಟೈಲರು ಮೇಜು ಗುದ್ದಿದರು. "ಎಲೆ ಬದಲಾಯಿಸಲೇಬೇಕು!"

"ಎರಡು ಸೀಟು ಆಚೆ ಕೂತ್ಕೋ" ಎಂದರು ಅಜ್ಜ.

"ಅದು ನನ್ನ ಜಾಗ!"

ಸೆಕ್ರೆಟರಿ ತಲೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಸತ್ಯವನ್ನೇ ಹೇಳಿದೆ: ಚಳಿಗಾಲ ಕಳೆದ ಮೇಲೆ ಸೂರ್ಯ ಹಿಂದಿರುಗುತ್ತಾನೆ, ಬೇಸಿಗೆಗೆ ಹಸಿರು ಮತ್ತೆ ಅಜ್ಜನ ಮುಖಕ್ಕೇ ಬರುತ್ತದೆ. ಟೈಲರು ಗುದ್ದಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಖಂಡಿತ ಬರುತ್ತಾ?"

"ಖಂಡಿತ."

ಕಿಟಕಿ ಇರಲಿ ಅನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈಗಳು ಅವರಿಬ್ಬರವೇ. ಸೋಮವಾರ ಮೇಸ್ತ್ರಿ ತಾವೇ ನನ್ನ ಸ್ಟೂಲನ್ನು ಬಣ್ಣದ ಮೇಜಿನ ಹತ್ತಿರ ತಂದಿಟ್ಟರು.

ಅಂದು ಮೀಟಿಂಗ್ ಮುಗಿದ ಮೇಲೆ ಅಜ್ಜನನ್ನು ಬಾಗಿಲಲ್ಲಿ ಕೇಳಿದ್ದೆ: "ಬೇಸಿಗೆಗೆ ನೀವು ಮತ್ತೆ ಹಸಿರಾಗ್ತೀರಲ್ಲ, ಪರವಾಗಿಲ್ವಾ?"

ಅಜ್ಜ ಟೋಪಿ ಸರಿಮಾಡಿಕೊಂಡರು. "ಆರು ತಿಂಗಳು ಹೇಗೋ ತಡ್ಕೋತೀನಮ್ಮ. ಮಿಕ್ಕ ಆರು ತಿಂಗಳು ಅವನ ಮುಖ ನೋಡಬೇಕಲ್ಲ!"